ಬಾಗಿಲಲ್ಲಿ ಕೇಳುವ ಹೆಸರು

ಆನೆಗೊಂದಿಯ ದುರಗಮ್ಮನಿಗೆ ತನ್ನ ನೆಗೆಣ್ಣಿ ಮಾರೆಮ್ಮನ ಮೇಲೆ ಹೊಟ್ಟೆಕಿಚ್ಚು ಅಂದರೆ ಊರಲ್ಲಿ ಒಬ್ಬರೂ ನಂಬುತ್ತಿರಲಿಲ್ಲ. ನಂಬುವುದಾದರೂ ಹೇಗೆ? ದುರಗಮ್ಮನ ಗಂಡ ಗಟ್ಟಿಮುಟ್ಟಾಗಿ ಓಡಾಡಿಕೊಂಡಿದ್ದ. ಹಣೆಯಲ್ಲಿ ಕಾಸಗಲದ ಕುಂಕುಮ, ಹೊಳೆ ದಂಡೆಗೆ ಬಾಳೆತೋಟ, ನಡುಮನೆಯಲ್ಲಿ ಗೋಡೆ ತುಂಬುವ ಟೀವಿ. ಇವೆಲ್ಲದರ ಮೇಲೆ ದ್ರಾಕ್ಷಾಯಿಣಿಯಂಥ ಸೊಸೆ. ಅತ್ತೆ ಒಂದು ಹುಲ್ಲುಕಡ್ಡಿ ಎತ್ತಿಟ್ಟರೂ ಸೊಸೆಗೆ ಅವಮಾನ. ಕೂತ ಮಂಚಕ್ಕೆ ಗಂಗಾಳ ಬರುತ್ತಿತ್ತು, ಉಂಡ ಗಂಗಾಳ ತಾನಾಗಿ ಹೋಗುತ್ತಿತ್ತು, ನಡುನಡುವೆ ಸಕ್ಕರೆ ಸುರಿದ ಚಹಾ. ದುರಗಮ್ಮ ಕಡ್ಡಿಪುಡಿ ತಂಬಾಕು ತಿಕ್ಕಿ ತುಟಿಯೊಳಗಿಟ್ಟುಕೊಂಡು, ಮಧ್ಯಾಹ್ನದಿಂದ ರಾತ್ರಿಯ ತನಕ ಒಂದಾದ ಮೇಲೊಂದು ಧಾರಾವಾಹಿ ನೋಡುತ್ತಿದ್ದಳು. ಊರ ಅತ್ತೆಯರೆಲ್ಲ ತಮ್ಮ ಸೊಸೆಯರನ್ನು ಬೈಯುವಾಗ ದ್ರಾಕ್ಷಾಯಿಣಿಯ ಹೆಸರು ಎತ್ತುತ್ತಿದ್ದರು.

ಮಾರೆಮ್ಮನ ಪಾಡು ನೋಡಿದರೆ ಕರುಳು ಚುರ್ ಅನ್ನಬೇಕು. ಆಕೆ ದುರಗಮ್ಮನ ಮೈದುನನ ಹೆಂಡತಿ, ಪಕ್ಕದ ಮನೆಯವಳು. ಗಂಡ ಮುದಿಯಪ್ಪ ಕಣ್ಣು ಮುಚ್ಚಿ ಎಷ್ಟೋ ವರ್ಷವಾಗಿತ್ತು. ಸೊಸೆ ಜಗಳ ತೆಗೆದು ಒಲೆ ಬೇರೆ ಮಾಡಿ, ಅತ್ತೆಯನ್ನು ಹಿತ್ತಲ ಕೋಣೆಗೆ ದೂಡಿದ್ದಳು. ಮಾರೆಮ್ಮ ತನ್ನ ರೊಟ್ಟಿ ತಾನೇ ಬಡಿದುಕೊಂಡು, ಎರಡು ಆಡು ಮೇಯಿಸಿಕೊಂಡು, ಊರಾಚೆಯ ಬಾಳೆನಾರಿನ ಕೇಂದ್ರಕ್ಕೆ ನಡೆದುಹೋಗಿ ಸಂಜೆಯವರೆಗೆ ಹುರಿ ಹೊಸೆಯುತ್ತಿದ್ದಳು. ಬರುವಾಗ ದಾರಿಯ ಕಟ್ಟೆಗಳಲ್ಲೆಲ್ಲ ಕೂತು, ಗೌಸಬಿಯ ಮನೆಯ ಹೊಸ ಮಗುವಿನಿಂದ ಹಿಡಿದು ಹೊಳೆಯ ನೀರಿನ ತನಕ ಎಲ್ಲ ವಿಚಾರಿಸಿಕೊಂಡೇ ಮನೆ ಸೇರುವುದು. ಇಂಥವಳ ಮೇಲೆ ದುರಗಮ್ಮನಿಗೆ ಹೊಟ್ಟೆಕಿಚ್ಚು. ಅದೂ ಸಣ್ಣಪುಟ್ಟದ್ದಲ್ಲ, ಉಂಡ ಅನ್ನ ಮೈಗೆ ಹತ್ತದಂಥದ್ದು.

ಅದು ಹುಟ್ಟಿದ್ದು ಒಂದು ಮಧ್ಯಾಹ್ನ, ಊರ ಸಮುದಾಯ ಭವನದಲ್ಲಿ.

ಕೊಪ್ಪಳದಿಂದ ಒಬ್ಬ ಡಾಕ್ಟರಮ್ಮ ಬಂದಿದ್ದರು. ವಯಸ್ಸಾದ ಹೆಂಗಸರ ನೆನಪಿನ ಶಕ್ತಿ ಹೇಗಿದೆ ಎಂದು ನೋಡುವುದು ಅವರ ಕೆಲಸ. ಬಿಪಿ ನೋಡಿ, ಸಕ್ಕರೆ ನೋಡಿ, ಆಮೇಲೆ ಒಬ್ಬೊಬ್ಬರನ್ನೇ ಎದುರಿಗೆ ಕೂರಿಸಿಕೊಂಡು ಇವತ್ತು ಯಾವ ವಾರ, ಮುಂಜಾನೆ ಏನು ಉಂಡಿರಿ ಎಂದು ಕೇಳುತ್ತಿದ್ದರು. ದುರಗಮ್ಮ ಮೊದಲಿಗಳಾಗಿ ಹೋಗಿ ಕೂತಳು. ವಾರ ತಪ್ಪಿತು. ಇರಲಿ ಬಿಡಿ, ಮಂಚದ ಮೇಲೆ ಇರುವವರಿಗೆ ಎಲ್ಲ ವಾರವೂ ಒಂದೇ. ಡಾಕ್ಟರಮ್ಮ ನಗುತ್ತ, ಯಜಮಾನರ ಹೆಸರೇನಮ್ಮಾ ಎಂದು ಕೇಳಿದರು.

ದುರಗಮ್ಮ ಸೆರಗು ಬಾಯಿಗೆ ಅಡ್ಡ ಹಿಡಿದು ತಲೆ ತಗ್ಗಿಸಿದಳು.

"ಗಂಡನ ಹೆಸರ ಹಂಗ ಸೀದಾ ಹೆಂಗ ಹೇಳೂದ್ರಿ, ಬಾಯಾರ?"

ಭವನಕ್ಕೆ ಭವನವೇ ನಕ್ಕಿತು. ಡಾಕ್ಟರಮ್ಮನೂ ನಕ್ಕು, ತಪ್ಪಾಯಿತಮ್ಮಾ ಎಂದರು. ಗಂಡನ ಹೆಸರನ್ನು ನಾಲಿಗೆಯ ಮೇಲೆ ತರಬಾರದು ಎಂಬುದು ಹಿಂದಿನವರ ಕಟ್ಟಳೆ. ಹೇಳಲೇಬೇಕಾದರೆ ಒಡಪು ಕಟ್ಟಿ, ಪದ್ಯದ ಕೊನೆಗೆ ಹೆಸರು ಹೊಸೆದು ಹೇಳಬೇಕು. ಮದುವೆ, ಕುಬಸಗಳಲ್ಲಿ ಹೆಂಗಸರು ಬಾಗಿಲಿಗೆ ಅಡ್ಡ ನಿಂತು, ಗಂಡನ ಹೆಸರು ಹೇಳಿಯೇ ಒಳಗೆ ಕಾಲಿಡು ಎಂದು ಕಾಡುತ್ತಾರೆ. ಆ ಒಡಪಿಗೆ ಸುತ್ತ ಊರುಗಳಲ್ಲಿ ದುರಗಮ್ಮನನ್ನು ಮೀರಿಸುವವರಿರಲಿಲ್ಲ. ಒಮ್ಮೆ ಹೇಳಿದ್ದನ್ನು ಇನ್ನೊಮ್ಮೆ ಹೇಳಿದವಳಲ್ಲ. ಅಂಥವಳು ನಾಚಿಕೊಂಡಳೆಂದು ಎಲ್ಲರೂ ನಕ್ಕರು. ಸೆರಗಿನ ಹಿಂದೆ ಹೆಸರೇ ಇರಲಿಲ್ಲ ಎಂಬುದು ದುರಗಮ್ಮನಿಗೆ ಮಾತ್ರ ಗೊತ್ತಿತ್ತು. ಡಾಕ್ಟರಮ್ಮ ಕೇಳಿದಾಗ ಆಕೆ ಒಳಗೆ ಕೈಹಾಕಿ ತಡಕಾಡಿದ್ದಳು. ಗಂಡನ ಮುಖ ಸಿಕ್ಕಿತು, ಮೀಸೆ ಸಿಕ್ಕಿತು, ತೋಟದಿಂದ ಬಂದು ಕಾಲು ತೊಳೆಯುವ ಸದ್ದು ಸಿಕ್ಕಿತು. ಹೆಸರು ಸಿಗಲಿಲ್ಲ.

ಆಮೇಲೆ ಮಾರೆಮ್ಮ ಬಂದು ಕೂತಳು. ವಾರ ಹೇಳಿದಳು, ತಿಥಿಯನ್ನೂ ಹೇಳಿದಳು, ಮುಂಜಾನೆಯ ಪುಂಡಿಪಲ್ಲೆಗೆ ಉಪ್ಪು ಹೆಚ್ಚಾಗಿದ್ದನ್ನೂ ಹೇಳಿದಳು. ಗಂಡನ ಹೆಸರು ಕೇಳಿದರೆ, ಸತ್ತ ಮುದಿಯಪ್ಪನ ಹೆಸರನ್ನು ಹಳೆಯ ಒಡಪೊಂದರ ಕೊನೆಗೆ ಇಟ್ಟು ತಡವರಿಸದೆ ಹೇಳಿ, ಕಣ್ಣೊರೆಸಿಕೊಂಡಳು. ಹೆಂಗಸರೆಲ್ಲ ಮೂಗು ಎಳೆದುಕೊಂಡರು. ಡಾಕ್ಟರಮ್ಮ ಆಕೆಯ ಕೈ ಹಿಡಿದು, ದಿನವಿಡೀ ಏನೇನು ಮಾಡುತ್ತೀರಿ ಎಂದು ಕೇಳಿ ತಿಳಿದುಕೊಂಡು, ಎಲ್ಲರ ಕಡೆ ತಿರುಗಿ ಹೇಳಿದರು. ನಡೆಯುವ ಕಾಲು, ಆಡುವ ಕೈ, ನಾಲ್ಕು ಜನರ ಜೊತೆ ಮಾತು, ಸರಿಯಾದ ನಿದ್ದೆ, ಬಿಪಿ ಗುಳಿಗೆ ತಪ್ಪಿಸದಿರುವುದು, ತಂಬಾಕಿನಿಂದ ದೂರ ಇರುವುದು. ಇಷ್ಟಿದ್ದರೆ ಮರೆವು ಬರುವುದೇ ಇಲ್ಲ ಎಂದು ತಾವು ಹೇಳುವುದಿಲ್ಲ, ಆದರೆ ಅದು ಬೇಗ ಬಂದು ಅಮರಿಕೊಳ್ಳದಂತೆ ನೋಡಿಕೊಳ್ಳಬಹುದು ಎಂದರು. ದುರಗಮ್ಮನಿಗೆ ಇದರಲ್ಲಿ ಒಂದು ಅಕ್ಷರವೂ ಕಿವಿಗೆ ಬೀಳಲಿಲ್ಲ. ಡಾಕ್ಟರಮ್ಮ ಮಾರೆಮ್ಮನ ಕೈ ಹಿಡಿದದ್ದಷ್ಟೇ ಕಣ್ಣಿಗೆ ಬಿತ್ತು.

ಸತ್ತವನ ಹೆಸರು ಆಕೆಯ ಬಾಯಲ್ಲಿದೆ. ಬದುಕಿರುವವನ ಹೆಸರು ನನ್ನ ಬಾಯಲ್ಲಿಲ್ಲ. ಮನೆಗೆ ಬಂದು ಮಂಚದ ಮೇಲೆ ಕೂತ ದುರಗಮ್ಮನಿಗೆ ಅದೊಂದೇ ಯೋಚನೆ ಕುದಿಯುತ್ತಿತ್ತು. ಹೆಸರನ್ನು ಯಾರಲ್ಲಿ ಕೇಳುವುದು? ಮಗ "ಅಪ್ಪ" ಅನ್ನುತ್ತಾನೆ, ಸೊಸೆ "ಮಾವ" ಅನ್ನುತ್ತಾಳೆ, ಆಳುಗಳು "ಗೌಡ್ರ" ಅನ್ನುತ್ತಾರೆ. ಗಂಡನನ್ನೇ ಕೇಳಿದರೆ ಮುದುಕನ ಎದೆ ಒಡೆದುಹೋದೀತು. ಸೊಸೆಯನ್ನು ಕೇಳಿದರೆ ಸಂಜೆಯೊಳಗೆ ಗಂಗಾವತಿಯ ಆಸ್ಪತ್ರೆ, ನಾಳೆಯೊಳಗೆ ಊರ ತುಂಬ ಸುದ್ದಿ, ಒಡಪಿನ ದುರಗಮ್ಮನಿಗೆ ಗಂಡನ ಹೆಸರೇ ಮರೆತುಹೋಗಿದೆಯಂತೆ ಎಂದು. ಅದಕ್ಕಿಂತ ಹೊಳೆಗೆ ಹಾರುವುದು ಮೇಲು. ತಿಂಗಳೊಪ್ಪತ್ತಿನಲ್ಲಿ ಬಸುರಿ ಮೊಮ್ಮಗಳು ಹುಲಿಗೆಮ್ಮನ ಕುಬಸ ಬೇರೆ ಇತ್ತು. ಮಂಗಳೂರಿನ ಬೀಗರ ಮನೆಗೆ ಬುತ್ತಿ ಹೊತ್ತು ಹೋಗಬೇಕು. ನಮ್ಮ ಯಲಬುರ್ಗಾ ಕಡೆಯ ಮಂಗಳೂರು, ಸಮುದ್ರ ಇರುವುದಲ್ಲ. ಆ ಊರ ಹೆಂಗಸರು ಬಾಗಿಲಲ್ಲಿ ಬಿಡುವವರಲ್ಲ. ದುರಗಮ್ಮನ ಒಡಪು ಕೇಳಲೆಂದೇ ಕಾದು ಕೂತಿದ್ದಾರೆ ಎಂದು ಹುಲಿಗೆಮ್ಮ ಫೋನಿನಲ್ಲಿ ಹೇಳಿಯೂ ಇದ್ದಳು.

ಮಾರೆಮ್ಮ ಏನೋ ತಿನ್ನುತ್ತಾಳೆ, ಅದಕ್ಕೇ ಆಕೆಯ ತಲೆ ಅಷ್ಟು ಚುರುಕು ಎಂದು ದುರಗಮ್ಮ ತೀರ್ಮಾನಿಸಿದಳು. ಹೊಟ್ಟೆಕಿಚ್ಚಿಗೆ ಹೀಗೆ ತೀರ್ಮಾನಿಸುವುದು ಭಾಳ ಸಲೀಸು. ಹಿತ್ತಲ ಗೋಡೆಯ ಸಂದಿಯಿಂದ ಕಣ್ಣಿಟ್ಟು ನೋಡಿದಳು. ಮಾರೆಮ್ಮ ದಿನಾ ಹೊತ್ತು ಮುಳುಗುವ ಮುಂಚೆ ಕಾಲುವೆಯ ಬದುವಿನಿಂದ ಎಂಥದೋ ಸೊಪ್ಪು ಕಿತ್ತು ಉಡಿ ತುಂಬ ತರುತ್ತಿದ್ದಳು. ಸಿಕ್ಕಿತು ಮದ್ದು! ದುರಗಮ್ಮ ತೋಟದ ಆಳನ್ನು ಪುಸಲಾಯಿಸಿ ಅದೇ ಸೊಪ್ಪು ತರಿಸಿಕೊಂಡಳು. ಸೊಸೆ ಮಲಗಿದ ಮಧ್ಯಾಹ್ನಗಳಲ್ಲಿ ಹಸಿಹಸಿಯಾಗಿ ಅಗಿದು ನುಂಗಿದಳು. ಬಾಯೆಲ್ಲ ಕಹಿ, ಹೊಟ್ಟೆಯೆಲ್ಲ ಗುಡುಗುಡು. ಬಿಡದೆ ತಿಂದಳು. ಹೆಸರು ಬರಲಿಲ್ಲ, ಭೇದಿ ಬಂತು. ಪಾಯಖಾನೆಗೂ ಮಂಚಕ್ಕೂ ತಿರುಗಿ ತಿರುಗಿ ಸುಸ್ತಾದವಳನ್ನು ನೋಡಲು ಮಾರೆಮ್ಮನೇ ಗಂಜಿ ಹಿಡಿದು ಬಂದಳು. ಮಂಚದ ಕೆಳಗೆ ಬಿದ್ದಿದ್ದ ಸೊಪ್ಪು ಕಂಡು, ಯಕ್ಕಾ, ನಮ್ಮ ಆಡಿನ ಮೇವು ನಿಮ್ಮ ಮನೆಗ್ಯಾಕೆ ಬಂತು ಎಂದು ಮುಗ್ಧವಾಗಿ ಕೇಳಿದಳು. ದುರಗಮ್ಮ ಗೋಡೆ ಕಡೆ ಮುಖ ಮಾಡಿ ಮಲಗಿದಳು. ಆ ಗಂಜಿ ಕುಡಿಯಲಿಲ್ಲ. ಮಾರೆಮ್ಮ ಎದ್ದು ಹೋದ ಮೇಲೆ ಕುಡಿದಳು, ಆ ಮಾತು ಬೇರೆ.

ಒಂದು ದಿನ ದೇವರು ಕಣ್ಣು ಬಿಟ್ಟಂತಾಯಿತು. ಬಾಳೆಗೊನೆ ಕೊಳ್ಳುವ ಗಂಗಾವತಿಯ ಅಲ್ತಾಫ ಬಾಗಿಲಲ್ಲಿ ನಿಂತು ಯಜಮಾನನನ್ನು ಹೆಸರು ಹಿಡಿದು ಕರೆದ. ಅವನ ದೊಡ್ಡ ಗಂಟಲಿನಲ್ಲಿ ಹೆಸರು ಮನೆಯೆಲ್ಲ ತುಂಬಿತು. ಮಂಚದ ಮೇಲಿದ್ದ ದುರಗಮ್ಮ ಸಟಕ್ಕನೆ ಎದ್ದು ಕೂತಳು. ಹೌದು, ಅದೇ! ಕಳೆದುಹೋದ ಮೂಗುತಿ ಸಿಕ್ಕಂತಾಯಿತು. ಆಕೆ ತುಟಿ ಅಲ್ಲಾಡಿಸದೆ ಒಳಗೊಳಗೇ ಅದನ್ನು ಜಪಿಸಿದಳು, ಮರೆಯದಿರಲೆಂದು ಸೆರಗಿನ ಚುಂಗಿಗೆ ಒಂದು ಗಂಟು ಹಾಕಿದಳು. ಮಧ್ಯಾಹ್ನ ಊಟ ಬಂತು, ಜಪಿಸುತ್ತ ಉಂಡಳು. ಆಮೇಲೆ ಟೀವಿಯಲ್ಲಿ ಕೆಟ್ಟ ಸೊಸೆ ಒಳ್ಳೆಯ ಸೊಸೆಯ ಹಾಲಿಗೆ ಏನೋ ಬೆರೆಸಿದಳು, ಅದನ್ನು ಕುಡಿದಳೋ ಬಿಟ್ಟಳೋ ಎನ್ನುವುದರಲ್ಲಿ ಸಂಜೆಯಾಯಿತು. ದೀಪ ಹಚ್ಚುವಾಗ ಸೆರಗು ನೋಡಿದರೆ ಗಂಟು ಇತ್ತು. ಯಾಕೆ ಹಾಕಿದ್ದೆ ಎನ್ನುವುದೂ ನೆನಪಿತ್ತು. ಹೆಸರು ಮಾತ್ರ ಇರಲಿಲ್ಲ. ದುರಗಮ್ಮ ಗಂಟನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ಅತ್ತಳು. ಟೀವಿ ನೋಡಿ ಅಳುತ್ತಿದ್ದಾರೆಂದುಕೊಂಡ ದ್ರಾಕ್ಷಾಯಿಣಿ ಇನ್ನೊಂದು ಲೋಟ ಚಹಾ ತಂದುಕೊಟ್ಟಳು.

ಕುಬಸದ ದಿನ ಬಂದೇ ಬಂತು. ಹೋಳಿಗೆ, ಎಳ್ಳು ಹಚ್ಚಿದ ರೊಟ್ಟಿ, ಬುತ್ತಿಯನ್ನದ ಗಂಟುಗಳ ಜೊತೆ ಹೆಂಗಸರೆಲ್ಲ ಟೆಂಪೊ ಹತ್ತಿದರು. ಗದ್ದೆಯ ಹಸಿರು ಹಿಂದೆ ಬಿದ್ದು, ಕೊಪ್ಪಳ ದಾಟಿದ ಮೇಲೆ ಕಪ್ಪು ಹೊಲಗಳು ಬಂದವು. ದಾರಿಯುದ್ದಕ್ಕೂ ಮಾರೆಮ್ಮ ಸೋಬಾನೆ ಪದ ಹೇಳುತ್ತಿದ್ದಳು. ಆ ಪದಗಳನ್ನು ಕಲಿಸಿದ್ದೇ ದುರಗಮ್ಮ. ಒಂದು ಕಾಲದಲ್ಲಿ ಎರಡನೇ ಸಾಲಿಗೇ ಮುಗ್ಗರಿಸುತ್ತಿದ್ದವಳು ಈಗ ಪದದ ಮೇಲೆ ಪದ ತೆಗೆಯುತ್ತಿದ್ದರೆ, ಕಲಿಸಿದವಳು ಕಿಟಕಿ ನೋಡುತ್ತಿದ್ದಳು. ನನ್ನ ತಲೆಯಿಂದಲೇ ಕದ್ದು ತನ್ನ ತಲೆ ತುಂಬಿಸಿಕೊಂಡಿದ್ದಾಳೆ ಎನಿಸಿತು ದುರಗಮ್ಮನಿಗೆ. ಈಕೆಗೂ ಒಂದು ಸಲ ಎಲ್ಲರೆದುರು ಮರೆವು ಬರಲಿ, ಎಲ್ಲರೂ ನಗಲಿ ಎಂದು ಹುಲಿಗಿ ಕ್ಷೇತ್ರದ ದೇವಿಗೆ ಹರಕೆ ಹೊತ್ತುಕೊಂಡಳು. ಬೇಡಿಕೊಳ್ಳುವುದಾದರೆ ತನ್ನ ನೆನಪನ್ನೇ ಬೇಡಬಹುದಿತ್ತಲ್ಲ! ಹೊಟ್ಟೆಕಿಚ್ಚಿಗೆ ಅಷ್ಟು ತಿಳಿದಿದ್ದರೆ ಅದು ಹೊಟ್ಟೆಕಿಚ್ಚು ಯಾಕಾಗುತ್ತಿತ್ತು.

ಬೀಗರ ಬಾಗಿಲಲ್ಲಿ ಹೆಂಗಸರು ಅಡ್ಡ ನಿಂತಿದ್ದರು. ಮುಂದೆ ನಿಂತವಳು ಹುಲಿಗೆಮ್ಮನ ಅತ್ತೆ ಫಕೀರಮ್ಮ, ಅಗಲ ಮುಖದ ಗಟ್ಟಿ ಮಾತಿನ ಹೆಂಗಸು. ಒಳಗೆ ಹಸಿರು ಸೀರೆ ಉಟ್ಟು ತುಂಬಿದ ಹೊಟ್ಟೆಯಲ್ಲಿ ಕೂತಿದ್ದ ಹುಲಿಗೆಮ್ಮ ಅಜ್ಜಿಯನ್ನು ಕಂಡು ಕೈ ಬೀಸಿದಳು. ಫಕೀರಮ್ಮ ಮೊದಲು ಅಜ್ಜಿಯದೇ ಆಗಲಿ, ಒಡಪು ಕೇಳದೆ ಒಳಗೆ ಬಿಡುವುದಿಲ್ಲ ಎಂದು ಬಾಗಿಲಿಗೆ ಎರಡೂ ಕೈ ಅಡ್ಡ ಇಟ್ಟಳು. ಕೆಲವರು ಮೊಬೈಲು ತೆಗೆದು ಹಿಡಿದರು.

ದುರಗಮ್ಮ ಸೆರಗು ಬಾಯಿಗೆ ತಂದಳು. ಇಲ್ಲಿ ಅದು ನಡೆಯುವ ಹಾಗಿರಲಿಲ್ಲ. ಇಲ್ಲಿ ನಾಚಿಕೆಗೆ ಬೆಲೆಯಿಲ್ಲ, ಹೆಸರಿಗೆ ಬೆಲೆ. ಆಕೆ ಧೈರ್ಯ ಮಾಡಿದಳು. ಪ್ರಾಸದ ಓಟದಲ್ಲಿ ಹೆಸರು ತಾನಾಗಿ ಬಂದೀತೆಂದು ನಂಬಿ ಶುರುಮಾಡಿದಳು.

"ಹೊಳಿ ಆಚಿ ಗುಂಡು, ಹೊಳಿ ಈಚಿ ಗುಂಡು, ನಡುವ ಬರೂ ಹರಗೋಲು ಕಂಡು, ಕೈಮಾಡಿ ಕರದವ್ರು ಯಾರಂದ್ರ ನನ್ನ ಗಂಡ..."

ಹೊಚ್ಚ ಹೊಸ ಒಡಪು. ಹೆಂಗಸರು ಭಲೇ ಎಂದರು. ಆಮೇಲೆ ಹೆಸರಿಗೆ ಕಾದರು. ದುರಗಮ್ಮ ಬಾಯಿ ತೆರೆದುಕೊಂಡೇ ನಿಂತಳು. ಹೊಳೆ ಕಂಡಿತು, ಹರಿಗೋಲು ಕಂಡಿತು, ಕೈ ಮಾಡುತ್ತಿದ್ದ ಹರೆಯದ ಗಂಡ ಕೂಡ ಕಂಡ. ಅವನನ್ನು ಏನೆಂದು ಕರೆಯಬೇಕೋ ತಿಳಿಯಲಿಲ್ಲ. ಹೆಂಗಸರ ನಗು ಮೆಲ್ಲಗೆ ಇಂಗತೊಡಗಿತು. ದ್ರಾಕ್ಷಾಯಿಣಿ ಅತ್ತೆಯ ಮುಖ ನೋಡಿದಳು. ಒಳಗೆ ಹುಲಿಗೆಮ್ಮ ಕೂತಲ್ಲಿಂದ ಮುಂದಕ್ಕೆ ಬಾಗಿದಳು.

"ಗಾಳೆಪ್ಪ."

ಹಿಂದಿನಿಂದ ಬಂತು ಹೆಸರು. ಗಂಡ ಇಲ್ಲದವರು ಹಿಂದೆ ನಿಲ್ಲುವ ಕಡೆಯಿಂದ. ಎಲ್ಲರೂ ತಿರುಗಿ ನೋಡಿದರು. ಹೇಳಿದವಳು ಮಾರೆಮ್ಮ. ಗಂಡನ ಹೆಸರು ಹೇಳುವುದೇ ತಪ್ಪು ಎನ್ನುವಲ್ಲಿ ಗಂಡನ ಅಣ್ಣನ ಹೆಸರನ್ನು, ಭಾವನ ಹೆಸರನ್ನು, ಒಡಪಿಲ್ಲದೆ ಮರ್ಯಾದೆಯಿಲ್ಲದೆ, ಬೀಗರ ಬಾಗಿಲಲ್ಲಿ! ಯಾರೋ ಅಯ್ಯ ಎಂದರು. ದ್ರಾಕ್ಷಾಯಿಣಿಯ ಮುಖ ಸಿಟ್ಟಿನಿಂದ ಕೆಂಪಾಯಿತು. ಫಕೀರಮ್ಮ ಸೊಂಟದ ಮೇಲೆ ಕೈಯಿಟ್ಟುಕೊಂಡು, ನಿಮ್ಮೂರಾಗ ಭಾವನ ಹೆಸರ ಹಿಂಗ ಬಾಯಿ ತುಂಬ ಕರೀತಾರೇನಬೇ ಎಂದು ಕೇಳಿದಳು.

ಮಾರೆಮ್ಮ ತಲೆ ಮೇಲಿನ ಸೆರಗು ಮುಂದಕ್ಕೆ ಎಳೆದುಕೊಂಡಳು.

"ತಪ್ಪಾತ್ರಿ ಯವ್ವಾ. ನನಗ ಈಗೀಗ ಮರವು ಭಾಳ ಆಗೇತಿ. ಯಾರ ಹೆಸರು ಹೇಳಬೇಕು, ಯಾರ ಹೆಸರು ಹೇಳಬಾರದು ಅನ್ನೂದ ತಲ್ಯಾಗ ನಿಲ್ಲವಲ್ದು. ನಮ್ಮಕ್ಕ ಹೇಳಾಕಿ ಇದ್ಲು, ನಾ ನಡುವ ಬಾಯಿ ಹಾಕಿ ಕೆಡಿಸಿಬಿಟ್ಟೆ."

ಹೆಂಗಸರು ನಕ್ಕರು. ಪಾಪ, ವಯಸ್ಸು, ಒಂಟಿ ಜೀವ, ತಲೆ ಕೆಟ್ಟಿದೆ ಎಂದರು. ದುರಗಮ್ಮ ಕೊನೆಗೆ ಹೆಸರನ್ನು ತಾನೂ ಹೇಳಿ ಒಡಪು ಮುಗಿಸಿದಳು, ಫಕೀರಮ್ಮ ಅಡ್ಡಗೈ ತೆಗೆದಳು. ಆಮೇಲಿನ ಹೊತ್ತೆಲ್ಲ ಎಲ್ಲರೂ ಮಾರೆಮ್ಮನನ್ನು ಕಾಡಿದ್ದೇ ಕಾಡಿದ್ದು. ಹೋಳಿಗೆ ಬಡಿಸುವಾಗ, ತಿಂದದ್ದು ನೆನಪಿದೆಯೋ ಇಲ್ಲವೋ ಎಂದು ಕೇಳಿ ನಕ್ಕರು. ಮಾರೆಮ್ಮ ಅವರ ಜೊತೆ ತಾನೂ ನಕ್ಕಳು.

ದುರಗಮ್ಮ ಹೊತ್ತ ಹರಕೆ ಹೀಗೆ ಬೀಗರ ಬಾಗಿಲಲ್ಲೇ ಫಲಿಸಿಬಿಟ್ಟಿತ್ತು. ನಾಚಿಕೆಯಾಯಿತು, ಉಪಕಾರ ನೆನೆದು ಕಣ್ಣು ತುಂಬಿತು, ಅದೂ ಸುಳ್ಳಲ್ಲ. ಆದರೆ ಅದರಡಿಯಲ್ಲಿ ಕಿಚ್ಚು ಇನ್ನೂ ಉರಿಯುತ್ತಲೇ ಇತ್ತು. ತಾನು ಒಡಪಿನಲ್ಲಿ ಸುತ್ತಿ ಸುತ್ತಿ ಕಾಪಾಡಿದ ಹೆಸರು, ಬೆತ್ತಲೆಯಾಗಿ, ಬೇರೊಬ್ಬಳ ಬಾಯಿಂದ, ಎಷ್ಟು ಲಕ್ಷಣವಾಗಿ ಬಂತಲ್ಲ! ಹಾಗೆ ಹೇಳುವುದು ತನಗೆ ಯಾವತ್ತೂ ಬಂದಿರಲಿಲ್ಲ.

ಮರಳುವಾಗ ಟೆಂಪೊದಲ್ಲಿ ಇಬ್ಬರೂ ಹಿಂದಿನ ಸೀಟಿನಲ್ಲಿ ಕೂತಿದ್ದರು. ಉಳಿದವರು ಹೋಳಿಗೆಯ ಭಾರಕ್ಕೆ ತೂಕಡಿಸುತ್ತಿದ್ದರು. ಕೊಪ್ಪಳ ಬರುವ ಮುಂಚೆ ದುರಗಮ್ಮ ಮಾರೆಮ್ಮನ ಕಿವಿಗೆ ಬಾಗಿದಳು.

"ಮಾರೀ, ಆಗ ಬಾಗಲದಾಗ ಏನಂದಿ? ಇನ್ನೊಮ್ಮೆ ಹೇಳು."

ಮಾರೆಮ್ಮ ಆಕೆಯ ಮುಖ ನೋಡಿದಳು. ಬಾಗಿಲಲ್ಲಿ ಅಕ್ಕನ ಮಾತು ಅರೆಗಳಿಗೆ ತಡವರಿಸಿತು ಎಂದಷ್ಟೇ ತಿಳಿದಿದ್ದವಳಿಗೆ ಈಗ ಪೂರ್ತಿ ಗೊತ್ತಾಯಿತು. ಹೆಸರನ್ನು ಕಿವಿಯಲ್ಲಿ ಹೇಳಿದಳು. ಆಮೇಲೆ ಹೊರಗಿನ ಹೊಲ ನೋಡುತ್ತ, ನೀ ಮಂಚದ ಮ್ಯಾಲೆ ಕುಂತು ಉಣ್ಣೂದು ನೋಡಿ ನಾ ಎಷ್ಟು ಹೊಟ್ಟಿ ಉರ್ಕೊಂಡೀನಿ ಯಕ್ಕಾ, ನನ್ನ ಸೊಸಿ ಒಂದು ದಿನಾರ ಹಂಗ ಕೊಟ್ಟಿದ್ರ ಅಂತ, ಎಂದಳು. ಇಷ್ಟು ದಿನ ಇಬ್ಬರೂ ಒಂದೇ ಗೋಡೆಯ ಎರಡೂ ಕಡೆ ಕೂತು ಉರಿದುಕೊಂಡಿದ್ದರು.

ಮರುದಿನ ಎದ್ದರೆ ಹೆಸರು ಮತ್ತೆ ಇರಲಿಲ್ಲ. ದುರಗಮ್ಮ ಚಪ್ಪಲಿ ಮೆಟ್ಟಿ ಬಾಳೆನಾರಿನ ಕೇಂದ್ರಕ್ಕೆ ನಡೆದಳು. ದ್ರಾಕ್ಷಾಯಿಣಿ ಬಾಗಿಲಿಗೆ ಓಡಿ ಬಂದು, ಬಿಸಿಲಾಗ ಎಲ್ಲಿಗೆ ಹೊಂಟ್ರಿ ಅತ್ತಿ, ಮಂದಿ ನನಗ ಏನಂದಾರು ಎಂದು ಅಳುಮುಖ ಮಾಡಿದಳು. ಅತ್ತೆ ನಿಲ್ಲಲಿಲ್ಲ. ಕೇಂದ್ರದಲ್ಲಿ ಮಾರೆಮ್ಮ ಆಕೆಯನ್ನು ಕಂಡು ಒಂದು ಕಟ್ಟು ನಾರು ಮುಂದೆ ಎಳೆದು ಹಾಕಿದಳು. ಕಡ್ಡಿಪುಡಿ ಉಗುಳಿ ಬಾ, ಒಂದು ಮಾರು ಹುರಿ ಹೊಸಿ, ಆಮ್ಯಾಲ ಹೇಳ್ತೀನಿ ಎಂದಳು. ದುರಗಮ್ಮ ಮನಸ್ಸಿನಲ್ಲೇ ಬೈದಳು. ನನ್ನ ಗಂಡನ ಹೆಸರಿಗೆ ನನಗೇ ಕೂಲಿ ಕೆಲಸವೇ? ಆದರೂ ಉಗುಳಿ ಬಂದು ಕೂತಳು. ಬೆರಳು ಮೊದಲು ತೊಡರಿದವು, ಆಮೇಲೆ ಹಾದಿ ಹಿಡಿದವು. ಸುತ್ತಲಿನ ಹೆಂಗಸರು ಮಾತಿಗೆ ಎಳೆದರು. ಹುರಿ ಉದ್ದವಾದ ಮೇಲೆ ಮಾರೆಮ್ಮ ಬಾಗಿ, ಪಾಪ ಬಂದ್ರ ನನಗ ಬರಲಿ ಎಂದು ಹೆಸರು ಹೇಳಿದಳು. ಅದೇ ದಿನಚರಿಯಾಯಿತು. ಕೆಲವು ದಿನ ಹೆಸರು ಸಂಜೆಯ ತನಕ ಉಳಿಯಿತು. ಕೆಲವು ದಿನ ಉಳಿಯಲಿಲ್ಲ. ಬಿಪಿ ಗುಳಿಗೆ ನುಂಗಿದೆಯಾ ಎಂದು ಕೇಳದೆ ಮಾರೆಮ್ಮ ಬಾಯಿ ಬಿಡುತ್ತಿರಲಿಲ್ಲ. ಆಕೆ ಪ್ರತಿ ಸಲ ಹೆಸರು ಹೇಳಿದಾಗಲೂ ದುರಗಮ್ಮನ ಎದೆ ಚುರುಕ್ಕೆನ್ನುತ್ತಿತ್ತು. ಎಷ್ಟು ಸರಾಗ ಆಕೆಗೆ, ನೀರು ಕುಡಿದಷ್ಟು!

ಒಂದು ಮಧ್ಯಾಹ್ನ ದುರಗಮ್ಮನಿಗೆ ಆ ಹೊಟ್ಟೆಕಿಚ್ಚು ತಡೆಯಲಾಗಲಿಲ್ಲ. ಹೆಸರು ಈಸಿಕೊಂಡು, ದಾರಿಯಲ್ಲಿ ಮಾತಾಡಿಸಿದವರಿಗೆಲ್ಲ ಬರೀ ಕೈ ಮಾಡಿ, ತುಟಿ ಬಿಗಿಹಿಡಿದು ಮನೆಗೆ ಬಂದಳು. ದ್ರಾಕ್ಷಾಯಿಣಿ ಚಹಾ ಹಿಡಿದು ಎದುರಾದಳು. ಅವಳನ್ನು ದಾಟಿ ಹಿತ್ತಲಿಗೆ ನಡೆದಳು. ಮುದುಕ ತೋಟದ ಸನಿಕೆಗೆ ಮರದ ಕಾವು ಬಡಿದು ಕೂರಿಸುತ್ತ ಬೆನ್ನು ಹಾಕಿ ಕೂತಿದ್ದ. ದುರಗಮ್ಮ ಸೆರಗು ಬಾಯಿಗೆ ತರಲಿಲ್ಲ. ಒಡಪು ಕಟ್ಟಲಿಲ್ಲ.

"ಗಾಳೆಪ್ಪ," ಎಂದಳು.

ಸೊಸೆ ಬಾಗಿಲಲ್ಲೇ ನಿಂತುಬಿಟ್ಟಳು. ಮುದುಕನ ಅವ್ವ ಸತ್ತ ಮೇಲೆ ಆ ಮನೆಯೊಳಗೆ ಹೆಣ್ಣು ಧ್ವನಿಯಲ್ಲಿ ಯಾರೂ ಅವನನ್ನು ಹೆಸರು ಹಿಡಿದು ಕರೆದಿರಲಿಲ್ಲ. ಕಾವು ಬಡಿಯುತ್ತಿದ್ದ ಕೈ ನಿಂತಿತು. ಮುದುಕ ತಿರುಗಿ ನೋಡುವ ಮುಂಚೆಯೇ ಹುಡುಗನಂತೆ "ಓ" ಅಂದ.

ಮಾರಿಗಿಂತ ನಾನೇ ಛಲೋ ಹೇಳಿದೆ ಎನ್ನಿಸಿತು ದುರಗಮ್ಮನಿಗೆ. ಹೆಸರು ಇನ್ನೂ ಬಾಯಲ್ಲಿರುವಾಗಲೇ ಇನ್ನೊಮ್ಮೆ ಕರೆದಳು.